ಗುಂಡು ಹಾರಿತು, ಕೂಸಿಗೆ ಕಾವಲೆಲ್ಲಿ?

2025ರ ಏಪ್ರಿಲ್ 13, ರವಿವಾರ. ಹುಬ್ಬಳ್ಳಿಯ ಅಶೋಕನಗರ ಪೋಲೀಸ್ ಠಾಣೆಯ ಸರಹದ್ದಿನಲ್ಲಿ ಐದು ವರ್ಷದ ಹೆಣ್ಣುಕೂಸೊಂದು ಕೊಲೆಯಾಯಿತು. ತಾಯಿ ಮನೆಗೆಲಸ ಮಾಡಿ ಹೊಟ್ಟೆ ಹೊರೆಯುವವಳು. ಕೂಸನ್ನು ಜತೆಗೆ ಕರೆದುಕೊಂಡೇ ಕೆಲಸಕ್ಕೆ ಬಂದಿದ್ದಳು. ಆಕೆ ಒಳಗೆ ದುಡಿಯುತ್ತಿದ್ದಾಗ ಹೊರಗಿದ್ದ ಕೂಸನ್ನು ಒಬ್ಬ ಎತ್ತಿಕೊಂಡು ಹೋದ. ಹುಡುಕಾಡಿದ ಜನಕ್ಕೆ ಹೆಣ ಸಿಕ್ಕದ್ದು ಸಮೀಪದ ತಗಡಿನ ಮಾಡಿನ ಪಾಳು ಕಟ್ಟಡದಲ್ಲಿ. ಊರಿಗೆ ಊರೇ ಠಾಣೆಯ ಮುಂದೆ ನೆರೆಯಿತು. ಆರೋಪಿ ಸಿಕ್ಕ. ಪೋಲೀಸರ ಹೇಳಿಕೆಯಂತೆ ಅವನು ಅವರ ಮೇಲೆ ಬಿದ್ದು ತಪ್ಪಿಸಿಕೊಳ್ಳಲೆತ್ನಿಸಿದ, ಗುಂಡು ಹಾರಿತು, ಅದೇ ದಿನ ಅವನೂ ಸತ್ತ. ಪೋಲೀಸರಿಗೆ ಜಯಕಾರವಾಯಿತು. ಧುರೀಣರು ಬಂದರು, ಕಣ್ಣೀರು ಒರೆಸಿದರು, ಪರಿಹಾರ ಸಾರಿದರು. ಮರುದಿನ ಮುಂಜಾನೆ ಊರಿನ ಸಾವಿರಾರು ಕೆಲಸದ ಹೆಂಗಸರು ಎಂದಿನಂತೆ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಅದೇ ಬೀದಿಗಳಲ್ಲಿ ನಡೆದರು.

ಇಷ್ಟೇ ಏನು ನ್ಯಾಯ? ಇಷ್ಟಕ್ಕೇ ನಮ್ಮ ಜವಾಬ್ದಾರಿ ತೀರಿತೇ? ಈ ಪ್ರಶ್ನೆಯನ್ನು ಹುಬ್ಬಳ್ಳಿ-ಧಾರವಾಡದ ಜನತೆಯ ಮುಂದೆ ಇಡಬೇಕಾಗಿದೆ. ಇಡುವಾಗ ನಮ್ಮನ್ನೂ ನಾವು ಹೊರಗಿಡುವುದಿಲ್ಲ.

ಮೊದಲು ಗುಂಡಿನ ಮಾತು. ಆರೋಪಿಯ ಪರವಾಗಿ ಒಂದು ಹನಿ ಕಣ್ಣೀರನ್ನೂ ನಾವು ಇಲ್ಲಿ ಸುರಿಸಹೊರಟಿಲ್ಲ. ಆದರೆ ಗುಂಡು ಹಾರಿದಾಗ ಸತ್ತದ್ದು ಒಬ್ಬ ಮನುಷ್ಯನಷ್ಟೇ ಅಲ್ಲ, ವಿಚಾರಣೆಯೂ ಸತ್ತಿತು ಎಂಬುದನ್ನು ಮರೆಯಬಾರದು. ನ್ಯಾಯಾಲಯದಲ್ಲಿ ಈ ಮೊಕದ್ದಮೆ ನಡೆದಿದ್ದರೆ ಅಪರಾಧ ಯಾರದೆಂದು ಸಾಕ್ಷ್ಯದಿಂದ ಗೊತ್ತಾಗುತ್ತಿತ್ತು. ಅಷ್ಟೇ ಅಲ್ಲ, ಆ ಪಾಳು ಕಟ್ಟಡ ಯಾರದು, ಅದಕ್ಕೆ ಬೀಗವೇಕೆ ಇರಲಿಲ್ಲ, ಹಾಡುಹಗಲಲ್ಲಿ ಕೂಸನ್ನು ಒಯ್ಯುವಾಗ ಯಾರೂ ಏಕೆ ಅಡ್ಡ ನಿಲ್ಲಲಿಲ್ಲ, ಆ ತಾಯಿಯ ಕೂಸಿಗೆ ಆ ಹೊತ್ತಿನಲ್ಲಿ ಇರಲು ಊರಲ್ಲಿ ಬೇರೆ ಜಾಗವೇಕೆ ಇರಲಿಲ್ಲ ಎಂಬ ಪ್ರಶ್ನೆಗಳೂ ಒಂದೊಂದಾಗಿ ಏಳುತ್ತಿದ್ದವು. ಅವು ಪೋಲೀಸರಿಗೆ, ನಗರಪಾಲಿಕೆಗೆ, ಸರಕಾರಕ್ಕೆ, ನಮಗೆ ಎಲ್ಲರಿಗೂ ನಾಟುವ ಪ್ರಶ್ನೆಗಳು. ಗುಂಡು ಆ ಪ್ರಶ್ನೆಗಳ ಬಾಯಿ ಮುಚ್ಚಿಸಿತು. ಪೋಲೀಸರ ಗುಂಡಿಗೆ ಮನುಷ್ಯ ಸತ್ತಾಗ ಸ್ವತಂತ್ರ ತನಿಖೆ ಆಗಲೇಬೇಕೆಂದು 2014ರಲ್ಲೇ ಸುಪ್ರೀಂ ಕೋರ್ಟು ಕಟ್ಟಳೆ ಹಾಕಿದೆ. ಇಲ್ಲಿಯ ಪ್ರಕರಣವೂ ಹೈಕೋರ್ಟಿನ ಮುಂದೆ ಹೋಗಿ, ತನಿಖೆ ಸಿ.ಐ.ಡಿ.ಯ ಕೈಗೆ ಬಂತು. ಆದರೆ ಬೀದಿಯ ಜಯಕಾರ ಇದಾವುದಕ್ಕೂ ಕಾಯಲಿಲ್ಲ.

2019ರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲೂ ಹೀಗೆಯೇ ಆಯಿತು. ಒಬ್ಬ ಪಶುವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಂದ ಆರೋಪ ಹೊತ್ತ ನಾಲ್ವರನ್ನು ಪೋಲೀಸರು ಗುಂಡಿಟ್ಟು ಕೊಂದರು. ಜನ ಪೋಲೀಸರ ಮೇಲೆ ಹೂ ಎರಚಿದರು. 2022ರಲ್ಲಿ ಸುಪ್ರೀಂ ಕೋರ್ಟೇ ನೇಮಿಸಿದ್ದ ಸಿರ್ಪುರಕರ ಆಯೋಗ, ಗುಂಡು ಹಾರಿಸಿದ್ದು ಕೊಲ್ಲುವ ಉದ್ದೇಶದಿಂದಲೇ ಎಂದು ವರದಿ ಕೊಟ್ಟಿತು. ಎರಚಿದ ಹೂವು ಅಷ್ಟರೊಳಗೆ ಬಾಡಿ ಕಸವಾಗಿತ್ತು. ಆ ಹೂವಿನಿಂದ ಹೆಣ್ಣುಮಕ್ಕಳಿಗೆ ದೊರೆತ ಕಾವಲೇನು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಾಗಿಲನ್ನೂ ಹಾಕಲಿಲ್ಲ. ತೋಪು ಹಾರಿಸಿ ಹಬ್ಬ ಮಾಡಿದೆವು, ಅಷ್ಟೆ.

ಎರಡನೆಯದು ‘ಪರಪ್ರಾಂತದವನು’ ಎಂಬ ಕೂಗು. ಆರೋಪಿ ಬಿಹಾರದವನೆಂದು ಗೊತ್ತಾದ ಗಳಿಗೆಯಿಂದ ಎಷ್ಟೋ ಜನರಿಗೆ ಒಂದು ಬಗೆಯ ಸಮಾಧಾನವಾಯಿತು. ಕೇಡು ಹೊರಗಿನಿಂದ ಬಂತು, ನಮ್ಮ ಊರು, ನಮ್ಮ ಓಣಿ, ನಮ್ಮ ಮನೆ ಶುದ್ಧ ಎಂಬ ಸಮಾಧಾನ ಅದು. ಇದಕ್ಕಿಂತ ದೊಡ್ಡ ಸುಳ್ಳು ಬೇರೆ ಇಲ್ಲ. ಮಕ್ಕಳ ಮೇಲಿನ ಅತ್ಯಾಚಾರದ ಪೋಲೀಸ್ ಲೆಕ್ಕಗಳನ್ನು ಕೇಂದ್ರ ಸರಕಾರವೇ ವರ್ಷ ವರ್ಷ ಅಚ್ಚು ಹಾಕುತ್ತದೆ. ಅದರಂತೆ ನೂರು ಪ್ರಕರಣಗಳಲ್ಲಿ ತೊಂಬತ್ತಕ್ಕೂ ಮಿಕ್ಕಿ ಆರೋಪಿ ಮಗುವಿಗೆ ಗುರುತಿನವನೇ. ನೆಂಟ, ನೆರೆಯವ, ಮನೆಯ ಗೆಳೆಯ, ಪಾಠ ಹೇಳುವವ, ಕೆಲವು ಸಲ ಹೆತ್ತ ತಂದೆ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಿ ಒಂದು ಅಧ್ಯಯನ ಹೊರಡಿಸಿತು. ಒಂದಲ್ಲ ಒಂದು ರೀತಿಯ ಲೈಂಗಿಕ ಪೀಡೆಗೆ ಗುರಿಯಾದೆವೆಂದು ನೂರಕ್ಕೆ 53 ಮಕ್ಕಳು ಹೇಳಿದರು. ಗಂಡುಮಕ್ಕಳೂ ಹೇಳಿದರು. ಮೂವರಲ್ಲಿ ಇಬ್ಬರು ಹೊಡೆತ ತಿಂದವರು. ಬಹುಪಾಲು ಮಕ್ಕಳು ಅದನ್ನು ಅದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಇಷ್ಟು ಜನ ಮಕ್ಕಳನ್ನು ಕಾಡಲು ಬಿಹಾರದಿಂದ ಎಷ್ಟು ರೈಲು ಬರಬೇಕಾದೀತು? ಬೇಲಿಯೇ ಎದ್ದು ಹೊಲ ಮೇಯುತ್ತಿರುವಾಗ ಊರ ಹೊರಗೆ ನಿಂತು ಕಳ್ಳನನ್ನು ಹುಡುಕುವ ಜಾಣತನ ಇದು. ಹೊಟ್ಟೆಪಾಡಿಗೆ ಬಂದ ಬಡ ಕೂಲಿಯನ್ನು ಬಡಿದು ಓಡಿಸುವುದರಿಂದ ನಮ್ಮ ಒಂದು ಕೂಸೂ ಉಳಿಯುವುದಿಲ್ಲ. ಆ ಕೂಲಿಗೂ ಮಕ್ಕಳಿದ್ದಾರೆ; ನಮ್ಮ ಊರಿನ ಕಟ್ಟಡಗಳ ಅಡಿಯಲ್ಲಿ, ಉಸುಕಿನ ರಾಶಿಯ ಮೇಲೆ ಅವೂ ಕಾವಲಿಲ್ಲದೆ ಬೆಳೆಯುತ್ತಿವೆ.

ಈಗ ಮುಖ್ಯ ಮಾತಿಗೆ ಬರೋಣ. ತಾಯಿ ದುಡಿಯಲು ಹೋದಾಗ ಕೂಸು ಎಲ್ಲಿರಬೇಕು?

ಮುಂಜಾನೆ ಏಳಕ್ಕೆ ಹುಬ್ಬಳ್ಳಿಯ ಕೇಶ್ವಾಪುರ, ವಿದ್ಯಾನಗರಗಳ ಕಡೆಗೆ, ಧಾರವಾಡದ ಸಪ್ತಾಪುರ, ಮಾಳಮಡ್ಡಿಗಳ ಕಡೆಗೆ ನಡೆಯುವ ಹೆಂಗಸರ ಸಾಲನ್ನು ವಾಚಕರು ನೋಡದವರಲ್ಲ. ಒಬ್ಬೊಬ್ಬಳಿಗೆ ಮೂರು ಮನೆ, ನಾಲ್ಕು ಮನೆ. ಭಾಂಡೆ, ಬಟ್ಟೆ, ಕಸ. “ಅಕ್ಕಾರ, ಕೂಸಿನ್ನ ಯಾರ ಕಡೆ ಬಿಟ್ಟು ಬರ್ಲ್ರಿ?” ಎಂದು ಆಕೆ ಕೇಳುತ್ತಾಳೆ. “ಕರ್ಕೊಂಡ ಬಾ, ಆದ್ರ ಒಳಗ ಬ್ಯಾಡ, ಕಟ್ಟೀ ಮ್ಯಾಲ ಕುಂಡ್ರಸು” ಎಂದು ಉತ್ತರ ಬರುತ್ತದೆ. ಆ ಕಟ್ಟೆಯೇ ನಮ್ಮ ಊರಿನ ಬಡವರ ಮಕ್ಕಳ ಬಾಲವಾಡಿ. ಒಳಗಿನ ಮನೆಯಲ್ಲಿ ಬೆಳ್ಳಿ ತಂಬಿಗೆಗೆ ಬೀಗವಿದೆ, ಹೊರಗೆ ನಿಲ್ಲಿಸಿದ ಮೋಟಾರಿಗೆ ಬೀಗವಿದೆ. ಕಟ್ಟೆಯ ಮೇಲಿನ ಕೂಸಿಗೆ ಮಾತ್ರ ಯಾವ ಕಾವಲೂ ಇಲ್ಲ.

ಕಾಯಿದೆ ಇಲ್ಲವೇ? ಇದೆ, ಆದರೆ ಅದರ ಲೆಕ್ಕವೇ ಬೇರೆ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರಖಾನೆಯಲ್ಲಿ ಅವರ ಮಕ್ಕಳಿಗೆ ಕೋಣೆ ಇರಬೇಕೆಂದು 1948ರ ಕಾರಖಾನೆ ಕಾಯಿದೆ ಹೇಳಿತು. 50 ಮಂದಿ ನೌಕರರಿರುವಲ್ಲಿ ಶಿಶುವಿಹಾರ ಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ಈಚಿನ ಕಾರ್ಮಿಕ ಸಂಹಿತೆಗಳೂ ಐವತ್ತರ ಲೆಕ್ಕವನ್ನೇ ಹಿಡಿದಿವೆ. ಅಂದರೆ ಒಂದು ಸೂರಿನಡಿ ಐವತ್ತು ಜನ ದುಡಿದರೆ ಅವರ ಮಕ್ಕಳು ಕಾಯಿದೆಯ ಕಣ್ಣಿಗೆ ಬೀಳುತ್ತಾರೆ. ಅದೇ ಐವತ್ತು ಹೆಂಗಸರು ಒಂದೇ ಬಡಾವಣೆಯ ಐವತ್ತು ಸೂರಿನಡಿ ದುಡಿದರೆ ಅವರ ಮಕ್ಕಳು ಯಾರಿಗೂ ಕಾಣುವುದಿಲ್ಲ! ಹಳ್ಳಿಯಲ್ಲಿ ಉದ್ಯೋಗ ಖಾತ್ರಿಯ ಕೂಲಿ ಹೆಂಗಸರ ಎಳೆಯ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರಕಾರ 2023-24ರ ಮುಂಗಡಪತ್ರದಲ್ಲಿ ಸಾರಿತು. ಒಳ್ಳೆಯ ಮಾತು, ಮೆಚ್ಚುತ್ತೇವೆ. ಆದರೆ ಹಳ್ಳಿ ಬಿಟ್ಟು ಕೂಲಿಗಾಗಿ ಹುಬ್ಬಳ್ಳಿಗೆ ಬಂದ ತಾಯಿಯ ಕೂಸು ದಾರಿಯಲ್ಲಿ ಕೂಸುತನ ಕಳೆದುಕೊಂಡು ಬಂತೇ? ಪಂಚಾಯಿತಿಗೆ ಹೊಳೆದದ್ದು ಮಹಾನಗರಪಾಲಿಕೆಗೆ ಏಕೆ ಹೊಳೆಯಬಾರದು?

ಅಂಗನವಾಡಿ ಇದೆಯಲ್ಲ ಎನ್ನುವರು. 1975ರಿಂದ ಇದೆ, ಅದರಿಂದ ಆದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ಬಾಗಿಲು ತೆರೆಯುವ ಮೊದಲೇ ಕೆಲಸದಾಕೆ ಎರಡು ಮನೆಯ ಭಾಂಡೆ ತಿಕ್ಕಿ ಮುಗಿಸಿರುತ್ತಾಳೆ. ರವಿವಾರ ಅದಕ್ಕೆ ರಜೆ, ಈಕೆಗೆ ರಜೆಯಿಲ್ಲ. ಮನೆಯ ಯಜಮಾನರೆಲ್ಲ ಮನೆಯಲ್ಲಿರುವ ದಿನ ಈಕೆಗೆ ಕೆಲಸ ಇಮ್ಮಡಿ. ಅಂಗನವಾಡಿಯ ಕಾರ್ಯಕರ್ತೆಗೆ ಸಂಬಳವೆನ್ನದೆ ‘ಗೌರವಧನ’ವೆಂದು ಹೆಸರಿಟ್ಟು, ಗಣತಿಗೆ, ಸಮೀಕ್ಷೆಗೆ, ಚುನಾವಣೆಗೆ ಓಡಾಡಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೋ ಎನ್ನುವ ಸರಕಾರಕ್ಕೆ ಮಕ್ಕಳ ಮೇಲೆ ಎಷ್ಟು ಗೌರವವಿದೆಯೆಂದು ಬೇರೆ ಹೇಳಬೇಕೆ?

ಕಟ್ಟೆಯ ಮೇಲೆ ಕೂತ ಬಡವರ ಕೂಸಿಗೆ ಮಾತ್ರ ಅಪಾಯವೆಂದು ಉಳ್ಳವರು ನಿಶ್ಚಿಂತರಾಗಿರಬೇಕಿಲ್ಲ. ಮಗುವನ್ನು ಹೊಡೆಯುವುದು ಹಿರಿಯರ ಹಕ್ಕು ಎಂದು ತಿಳಿದ ಮನೆ ಯಾವುದೇ ಇರಲಿ, ಅಲ್ಲಿ ಕೂಸಿಗೆ ಬಾಯಿ ಕಟ್ಟಿದಂತೆಯೇ. ‘ಛಡಿ ಚಂ ಚಂ, ವಿದ್ಯಾ ಘಂ ಘಂ’ ಎಂದು ನಾವೇ ನಕ್ಕು ಹೇಳುತ್ತ ಬಂದೆವು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಹೊಡೆತವನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿತು. ಆದರೂ 2022ರ ಡಿಸೆಂಬರಿನಲ್ಲಿ ನೆರೆಯ ಗದಗ ಜಿಲ್ಲೆಯ ನರಗುಂದ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಹುಡುಗ ಸತ್ತ. ಬಡಿದು ಮಹಡಿಯಿಂದ ತಳ್ಳಿದನೆಂಬ ಆರೋಪ ಬಂದದ್ದು ಅತಿಥಿ ಶಿಕ್ಷಕನ ಮೇಲೆ. ಅಂದು ಎಲ್ಲರೂ ಬೆಚ್ಚಿಬಿದ್ದರು. ಆದರೆ ಕೊನೆಯ ಏಟಿಗೆ ಮೊದಲಿನ ನೂರು ಏಟುಗಳಿಗೆ ಯಾವ ಊರೂ ಬೆಚ್ಚಿಬೀಳುವುದಿಲ್ಲ. ಹೊಡೆದರೂ ಸುಮ್ಮನಿರಬೇಕು, ದೊಡ್ಡವರು ಹೇಳಿದ್ದಕ್ಕೆ ಎದುರಾಡಬಾರದು ಎಂದು ನಾವು ಮಗುವಿಗೆ ಕಲಿಸುತ್ತೇವೆ. ಅದೇ ಮಗುವಿನ ಮೈಮೇಲೆ ನಾಳೆ ಒಬ್ಬ ದೊಡ್ಡವ ಕೈಹಾಕಿದರೆ ಅದು ಕೂಗಬೇಕೆಂದು ಬಯಸುತ್ತೇವೆ. ಕಲಿಸಿದ್ದೊಂದು, ಬಯಸುವುದೊಂದು! ಸ್ವೀಡನ್ ದೇಶ 1979ರಲ್ಲೇ ಮನೆಯಲ್ಲೂ ಮಕ್ಕಳನ್ನು ಹೊಡೆಯಕೂಡದೆಂದು ಕಾನೂನು ಮಾಡಿತು. ಅಲ್ಲಿಯ ಮಕ್ಕಳು ಅದರಿಂದ ಕೆಟ್ಟುಹೋಗಲಿಲ್ಲ.

‘ಮನೆಯ ಮಾತು ಓಣಿಗೆ ಬರಬಾರದು’ ಎಂಬುದು ಇನ್ನೊಂದು ಬಾಯಿಕಟ್ಟು. ಗೋಡೆಯಾಚೆ ಮಗು ಚೀರುತ್ತದೆ. ಈಚೆ ನಾವು ರೇಡಿಯೋ ಸದ್ದು ಹೆಚ್ಚಿಸುತ್ತೇವೆ. ಹುಡುಗಿ ಸೋದರಮಾವನನ್ನು ಕಂಡರೆ ನಡುಗುತ್ತಾಳೆ. ಮಾನ ಹೋಗುತ್ತದೆಂದು ತಾಯಿಯೇ ಬಾಯಿ ಮುಚ್ಚಿಸುತ್ತಾಳೆ. ಯಾರ ಮಾನ? ಕೆಡಿಸಿದವನದೋ, ಕೆಟ್ಟವಳೆಂದು ಹೆಸರಿಡಲಾದ ಎಂಟು ವರ್ಷದ ಕೂಸಿನದೋ? 2012ರ ಪೋಕ್ಸೋ ಕಾಯಿದೆಯ 19ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಿರುವ, ನಡೆಯಬಹುದೆಂದು ಶಂಕೆಯಿರುವ ಯಾವ ವ್ಯಕ್ತಿಯೇ ಆಗಲಿ, ಪೋಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳ ಸೆರೆ ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥನಾದರೆ ಒಂದು ವರ್ಷದ ಸೆರೆ, ದಂಡ. ಶಾಲೆಯ ಹೆಸರು ಕೆಟ್ಟೀತು, ಮಠದ ಹೆಸರು ಕೆಟ್ಟೀತು, ಮನೆತನದ ಹೆಸರು ಕೆಟ್ಟೀತು ಎಂದು ಮುಚ್ಚಿಡುವವರು ಕಾಯಿದೆಯ ಕಣ್ಣಿಗೆ ಮರ್ಯಾದಸ್ಥರಲ್ಲ, ಅಪರಾಧಿಗಳು. ಮಗುವೇ ಕರೆಯಬಹುದಾದ, ಕಾಸು ಖರ್ಚಿಲ್ಲದ 1098 ಎಂಬ ದೂರವಾಣಿ ಇದೆ. ಆ ನಾಲ್ಕು ಅಂಕಿ ನಮ್ಮ ಎಷ್ಟು ಶಾಲೆಗಳ ಗೋಡೆಯ ಮೇಲಿವೆ? ವಾಚಕರೇ ತಮ್ಮ ಮಕ್ಕಳ ಶಾಲೆಗೆ ಹೋಗಿ ನೋಡಿ ಬರಲಿ.

ಕಾಯಿದೆ ಮಾತ್ರದಿಂದ ಆಗುವುದಿಲ್ಲವೆನ್ನುವವರಿಗೆ ನಮ್ಮದೂ ಸಮ್ಮತಿ. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ, 1924ರಲ್ಲೇ ಮುಂಬಯಿ ಮಕ್ಕಳ ಕಾಯಿದೆ ಬಂತು. ಶತಮಾನ ಕಳೆಯಿತು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಅರಿಯದ ಹುಡುಗಿಯರಿಗೆ ಮುತ್ತು ಕಟ್ಟುವ ಪದ್ಧತಿಯನ್ನು ನಿಷೇಧಿಸಿ 1982ರಲ್ಲಿ ರಾಜ್ಯ ಕಾಯಿದೆ ಮಾಡಿತು. ಆದರೆ ಅದಕ್ಕೆ ಜೀವ ಬಂದದ್ದು ಯಾವಾಗ? ಬೆಳಗಾವಿ ಜಿಲ್ಲೆಯಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಸಂಘ ಕಟ್ಟಿ, ‘ನಮಗಾದದ್ದು ನಮ್ಮ ಮಕ್ಕಳಿಗೆ ಬೇಡ’ ಎಂದು ಹಳ್ಳಿ ಹಳ್ಳಿ ತಿರುಗಿ ಕಾವಲು ನಿಂತಾಗ. ಕಾಗದದ ಮೇಲಿನ ಕಾಯಿದೆಗೆ ಕೈಕಾಲು ಕೊಟ್ಟವರು ಅವರು. ಪೋಲೀಸ್ ಠಾಣೆಗೆ ಇಷ್ಟು ಮೈಲಿ ದೂರದಲ್ಲಿರುವ ಗುಡಿಸಲಿನಲ್ಲಿ ನಾಳೆ ಏನು ನಡೆಯಲಿದೆಯೆಂದು ಠಾಣೆಗೆ ತಿಳಿಯದು, ನೆರೆಯವಳಿಗೆ ತಿಳಿಯುತ್ತದೆ. ಮಕ್ಕಳ ರಕ್ಷಣೆ ಸಮಾಜದ ಸಮಾನ ಹೊಣೆ ಎಂದು ನಾವು ಹೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಈ ನೆರೆಯವಳು.

ಆದರೆ ‘ಸಮಾಜದ ಹೊಣೆ’ ಎಂಬ ಮಾತನ್ನು ಸರಕಾರ ತನ್ನ ಹೆಗಲು ಜಾರಿಸಿಕೊಳ್ಳಲು ಬಳಸಕೂಡದು. ನೆರೆಯವಳು ಕೂಗಿದಾಗ ಓಗೊಡುವವರು ಬೇಕು. ಪ್ರತಿ ಠಾಣೆಯಲ್ಲಿ ಒಬ್ಬ ಮಕ್ಕಳ ಕಲ್ಯಾಣ ಪೋಲೀಸ್ ಅಧಿಕಾರಿ ಇರಬೇಕೆಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಕಡೆಯಲ್ಲೋ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ನ್ಯಾಯಾಲಯ 30 ದಿನಗಳಲ್ಲಿ ಮಗುವಿನ ಸಾಕ್ಷ್ಯ ಪಡೆದು, ಆದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ಮೊಕದ್ದಮೆ ಮುಗಿಸಬೇಕು ಎಂದು ಪೋಕ್ಸೋ ಕಾಯಿದೆ ಹೇಳುತ್ತದೆ. ಗುಂಡಿಗೆ ಜಯಕಾರ ಹಾಕಿದ ಗಂಟಲುಗಳು ಈ ಕಲಮುಗಳಿಗಾಗಿ ಒಂದು ದಿನವಾದರೂ ಕೂಗಿವೆಯೇ? ಒಂದು ಮೊಕದ್ದಮೆ ವರ್ಷಗಟ್ಟಲೆ ಎಳೆದರೆ ಮಗು ಹುಡುಗಿಯಾಗಿ, ಹುಡುಗಿ ಮದುವೆಯ ವಯಸ್ಸಿನವಳಾಗಿ, ಕೊನೆಗೆ ಸಾಕ್ಷಿಯೇ ಬೇಸತ್ತು ‘ಏನೂ ಆಗಿಲ್ಲ’ ಎನ್ನುವಂತಾಗುತ್ತದೆ. ತಡವಾದ ನ್ಯಾಯಾಲಯವೇ ಗುಂಡಿಗೆ ಜನರ ಚಪ್ಪಾಳೆ ಗಳಿಸಿಕೊಡುತ್ತದೆ ಎಂಬುದನ್ನು ಸರಕಾರ ಅರಿಯಲಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ದುಡಿಯುವವರ ಪಕ್ಷವೆಂದು ಹೇಳಿಕೊಳ್ಳುವ ನಾವು ಕೂಲಿಯ ದರಕ್ಕಾಗಿ, ತುಟ್ಟಿಭತ್ಯಕ್ಕಾಗಿ, ಹಕ್ಕುಪತ್ರಕ್ಕಾಗಿ ಎಷ್ಟೋ ಮೋರ್ಚಾ ತೆಗೆದೆವು. ಕೂಸಿನ ಮನೆಗಾಗಿ ಎಷ್ಟು ತೆಗೆದೆವು? ಸಭೆಗೆ ಬಂದ ಹೆಂಗಸು ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ಹೋದಾಗ ನಮ್ಮ ಭಾಷಣ ನಿಲ್ಲಲಿಲ್ಲ. ಮಕ್ಕಳ ವಿಷಯ ಹೆಂಗಸರದು, ಹೆಂಗಸರ ವಿಷಯ ಆಮೇಲಿನದು ಎಂಬ ಹಳೆಯ ಗಂಡಸುತನ ನಮ್ಮ ಕಚೇರಿಯಲ್ಲೂ ಕುರ್ಚಿ ಹಾಕಿಕೊಂಡು ಕುಳಿತಿದೆ. ಅದನ್ನು ಎಬ್ಬಿಸಿ ಕಳಿಸದೆ ಬೇರೆಯವರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ.

1962ರಲ್ಲಿ ಹುಬ್ಬಳ್ಳಿ-ಧಾರವಾಡಗಳನ್ನು ಒಂದೇ ಪಾಲಿಕೆಯ ಕೆಳಗೆ ಕೂಡಿಸಿದರು. ಇಂದು ಅದರಲ್ಲಿ 82 ವಾರ್ಡುಗಳಿವೆ. ನೀರು, ದೀಪ, ಗಟಾರು ಪಾಲಿಕೆಯ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ. ದೀಪ ಆರಿದರೆ ಪುರಪಿತೃಗಳ ಮನೆಗೆ ಜನ ನುಗ್ಗುತ್ತಾರೆ. ಕೂಸಿನ ಕಾವಲೂ ನೀರು, ದೀಪಗಳಂತೆಯೇ ಊರೊಟ್ಟಿನ ಕೆಲಸವೆಂದು ಒಪ್ಪಿಸುವುದೇ ಇನ್ನು ನಮ್ಮ ಹೋರಾಟ. ಆದ್ದರಿಂದ ನಮ್ಮ ಬೇಡಿಕೆಗಳನ್ನು ಇಲ್ಲಿ ನೇರವಾಗಿ ಇಡುತ್ತೇವೆ.

ಪ್ರತಿ ವಾರ್ಡಿನಲ್ಲಿ, ಮೊದಲು ಕೊಳೆಗೇರಿಗಳಿರುವ ವಾರ್ಡುಗಳಲ್ಲಿ, ಪಾಲಿಕೆ ಒಂದು ಕೂಸಿನ ಮನೆ ತೆರೆಯಲಿ. ಅದರ ವೇಳೆ ಅಧಿಕಾರಿಯ ವೇಳೆಯಾಗದೆ, ದುಡಿಯುವ ತಾಯಿಯ ವೇಳೆಯಾಗಲಿ; ರವಿವಾರವೂ ಬಾಗಿಲು ತೆರೆದಿರಲಿ. ಅಲ್ಲಿ ದುಡಿಯುವವರಿಗೆ ಗೌರವಧನವಲ್ಲ, ಸಂಬಳ ಸಿಗಲಿ. ಪಾಳು ಬಿದ್ದ ಕಟ್ಟಡಗಳ ಪಟ್ಟಿ ಮಾಡಿ, ಒಡೆಯರಿಂದ ಬೀಗ ಹಾಕಿಸಲಿ. ಹಾಕದವರ ಮೇಲೆ ದಂಡ ಹೊರಿಸಲಿ. ವಾರ್ಡಿನ ಸಭೆಯಲ್ಲಿ ಗಟಾರಿನ ಮಾತಿಗೆ ಮೊದಲು ಮಕ್ಕಳ ಮಾತು ಬರಲಿ. ಪ್ರತಿ ಠಾಣೆಯ ಫಲಕದ ಮೇಲೆ ಮಕ್ಕಳ ಕಲ್ಯಾಣ ಅಧಿಕಾರಿಯ ಹೆಸರು, ಪ್ರತಿ ಶಾಲೆಯ ಗೋಡೆಯ ಮೇಲೆ 1098 ಕಾಣಲಿ. ಪೋಕ್ಸೋ ಮೊಕದ್ದಮೆ ಎಷ್ಟು ಬಂದವು, ಎಷ್ಟು ಮುಗಿದವು, ಎಷ್ಟು ವರ್ಷ ದಾಟಿದವು ಎಂಬ ಲೆಕ್ಕವನ್ನು, ಮಗುವಿನ ಗುರುತು ಬಿಟ್ಟುಕೊಡದೆ, ಜಿಲ್ಲಾಡಳಿತ ಜನರ ಮುಂದಿಡಲಿ.

ಓಣಿಯ ಪಂಚರಿಗೆ, ಮಹಿಳಾ ಮಂಡಳಗಳಿಗೆ, ಗಣೇಶೋತ್ಸವದ ಮಂಡಳಿಗಳಿಗೆ, ಮಠ ಮಸೀದಿ ಇಗರ್ಜಿಗಳ ಹಿರಿಯರಿಗೆ ನಮ್ಮ ವಿನಂತಿ ಬೇರೆ. ಮುಂದೆ ನಿಮ್ಮ ಓಣಿಯಲ್ಲಿ ಯಾವುದಾದರೂ ಕೂಸು ಬಾಯಿಬಿಟ್ಟರೆ ಮೊದಲು ಅದನ್ನು ನಂಬಿರಿ. ಆಮೇಲೆ ಮನೆತನದ ಮಾತು ಆಡಿರಿ. ಮನೆಗೆಲಸದಾಕೆಯನ್ನು ಇಟ್ಟುಕೊಂಡ ತಾಯಂದಿರಿಗೆ ಒಂದೇ ಮಾತು: ನಾಳೆ ಆಕೆ ಕೂಸಿನೊಡನೆ ಬಂದರೆ ಕಟ್ಟೆಯ ಮೇಲೆ ಕೂಡಿಸಬೇಡಿರಿ, ಒಳಗೆ ಕರೆಯಿರಿ. ಪಾಲಿಕೆಯ ಕೂಸಿನ ಮನೆ ಏಳುವವರೆಗೆ ನಿಮ್ಮ ಪಡಸಾಲೆಯೇ ಅದಕ್ಕೆ ಮನೆಯಾಗಲಿ.

ಆ ರವಿವಾರ ಸತ್ತ ಕೂಸಿಗೆ ನಾವು ಯಾರೂ ಏನನ್ನೂ ಮಾಡಲಾರೆವು. ಇಂದು ಮುಂಜಾನೆ ಯಾವುದೋ ಮನೆಯ ಕಟ್ಟೆಯ ಮೇಲೆ ಕುಳಿತು ಅವ್ವನ ದಾರಿ ಕಾಯುತ್ತಿರುವ ಕೂಸಿಗೆ ಮಾಡಬಹುದು. ಮಾಡದಿದ್ದರೆ ಮುಂದಿನ ಸಲ ಠಾಣೆಯ ಮುಂದೆ ನೆರೆದು ಕೂಗುವ ಹಕ್ಕು ನಮಗಿರುವುದಿಲ್ಲ.